ಮಾತು ಬಾರದವರ ಬರಹ

ನಮ್ಮ ಕರಾವಳಿಯಲ್ಲಿ ಮಾತಿಗೆ ಸಲ್ಲುವ ಮರ್ಯಾದೆ ಮತ್ತೊಂದಕ್ಕೆ ಸಲ್ಲುವುದು ಅಪರೂಪ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದದ ಬೆನ್ನಿಗೆ ಬರಿಯ ವಾದ ಪ್ರತಿವಾದಗಳನ್ನೇ ನೆಚ್ಚಿ ಜನರನ್ನು ಗಂಟೆಗಟ್ಟಲೆ ಕೂರಿಸುವ ತಾಳಮದ್ದಳೆಯನ್ನು ಬೆಳೆಸಿದ ಜನ ನಾವು. ಒಬ್ಬನನ್ನು ಹೊಗಳಬೇಕಾದರೆ 'ಅವನ ಮಾತೇ ಮಾತು' ಎನ್ನುತ್ತೇವೆ. ಕನಿಕರಪಡಬೇಕಾದರೆ 'ಪಾಪ, ಬಾಯಿಲ್ಲದವನು' ಎನ್ನುತ್ತೇವೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಕಲಿಸುತ್ತೇವೆ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಇನ್ನೊಂದು ಗಾದೆಯೂ ಉಂಟಲ್ಲ ಎಂದು ಯಾರಾದರೂ ಕೇಳಬಹುದು. ಉಂಟು, ಆದರೆ ಅದು ಹೊಗಳುವುದು ಮಾತಾಡಬಲ್ಲವನು ತಾನಾಗಿ ಆರಿಸಿಕೊಂಡ ಮೌನವನ್ನು. ಮಾತು ಬಾರದೆ ಉಳಿದವನ ಮೌನಕ್ಕೆ ಬೆಲೆ ಕಟ್ಟಿದ ಗಾದೆ ನಮ್ಮಲ್ಲಿ ನನಗೆ ಸಿಕ್ಕಿಲ್ಲ.

ಅಂಥ ಮೌನದೊಳಗಿಂದ ಒಂದು ಪುಸ್ತಕ ಬಂದರೆ ಅದನ್ನು ಓದುವ ಬಗೆ ಹೇಗೆ? ಪುಸ್ತಕ ಬಾರದೆಯೇ ಹೋದರೆ, ಆ ಮನುಷ್ಯನೊಡನೆ ಸ್ನೇಹ ಬೆಳೆಸುವ ಬಗೆ ಹೇಗೆ? ಮೇಲ್ನೋಟಕ್ಕೆ ಇವು ಬೇರೆ ಬೇರೆ ಪ್ರಶ್ನೆಗಳು; ಒಂದು ಸಾಹಿತ್ಯದ್ದು, ಇನ್ನೊಂದು ಸಂಸಾರದ್ದು. ಎರಡಕ್ಕೂ ಉತ್ತರ ಒಂದೇ ಎಂದು ನನಗೆ ತೋರುತ್ತದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಆಟಿಸಂ ಎಂಬ ಹೆಸರನ್ನು ಇಂದಿನ ಓದುಗರು ಕೇಳದೆ ಇಲ್ಲ. ೧೯೪೩ರಲ್ಲಿ ಅಮೇರಿಕೆಯ ಬಾಲ್ಟಿಮೋರಿನಲ್ಲಿದ್ದ ವೈದ್ಯ ಲಿಯೋ ಕ್ಯಾನರ್ ೧೧ ಮಕ್ಕಳ ವೃತ್ತಾಂತವನ್ನು ಬರೆದು ಈ ಸ್ಥಿತಿಯನ್ನು ಬೇರೆಯಾಗಿ ಗುರುತಿಸಿದರು. ಆ ೧೧ ಮಕ್ಕಳಲ್ಲಿ ೮ ಮಂದಿಗೆ ಮಾತು ಬಂದಿತ್ತು. ೩ ಮಂದಿಗೆ ಬಂದಿರಲಿಲ್ಲ. ಇಂದಿನ ಅಂದಾಜಿನಲ್ಲಿಯೂ ಆಟಿಸಂ ಇರುವವರ ಪೈಕಿ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಜನರಿಗೆ ದಿನದ ಬಳಕೆಗೆ ಸಾಲುವಷ್ಟು ಮಾತು ಬರುವುದಿಲ್ಲ. ಇವರನ್ನು ಕಿವುಡರೆಂದು ತಿಳಿಯಬಾರದು. ಎಷ್ಟೋ ಮಂದಿಗೆ ಮಿಕ್ಸಿಯ ಸದ್ದು, ಗರ್ನಾಲಿನ ಸದ್ದು ತಡೆಯಲಾಗದಷ್ಟು ಕೇಳಿಸುತ್ತದೆ. ಕೇಳಿಸಿದ್ದು ಒಳಗೆ ಏನಾಗುತ್ತದೆ, ಒಳಗಾದದ್ದು ಬಾಯಿಗೆ ಏಕೆ ಬರುವುದಿಲ್ಲ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ಕನ್ನಡದಲ್ಲಿ ಇದಕ್ಕೆ 'ಸ್ವಲೀನತೆ' ಎಂಬ ಪದವನ್ನು ಟಂಕಿಸಿದ್ದಾರೆ. ಮೂಲದ ಗ್ರೀಕ್ ಧಾತುವಿಗೆ ಅದು ನಿಷ್ಠವಾಗಿಯೇ ಇದೆ. ಆದರೆ ಪರಭಾಷೆಯ ಪದ ನಮ್ಮ ಕಿವಿಗೆ ಬರಿಯ ಹೆಸರಾಗಿ ಬಿದ್ದರೆ, ಕನ್ನಡಕ್ಕೆ ಬಂದ ಪದ ತೀರ್ಪಾಗಿ ಬೀಳುತ್ತದೆ. ತನ್ನಲ್ಲಿಯೇ ಲೀನನಾದವನು ಎಂದಮೇಲೆ ಅವನಿಗೆ ನೆರೆಹೊರೆ ಬೇಡವೆಂದೇ ಅರ್ಥವಾಯಿತಲ್ಲವೆ? ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದೆಯೋ ಹೊರಗಿನಿಂದ ಚಿಲಕ ಬಿದ್ದಿದೆಯೋ ಎಂದು ವಿಚಾರಿಸುವ ಮೊದಲೇ ಕೊಟ್ಟ ಹೆಸರು ಅದು. ಆದಕಾರಣ ಇಲ್ಲಿ ಆಟಿಸಂ ಎಂದೇ ಬರೆಯುತ್ತೇನೆ.

ಮಾತಿಲ್ಲದವರ ವಿಷಯದಲ್ಲಿ ನಮ್ಮ ಕಥನಪರಂಪರೆ ಎರಡು ಹಾದಿ ಹಿಡಿದಿದೆ. ಒಂದನೆಯದನ್ನು ಕಾಣಲು ಕೊಲ್ಲೂರಿಗೆ ಹೋಗಬೇಕು. ತಪಸ್ಸಿಗೆ ಒಲಿದು ಶಿವನು ಪ್ರತ್ಯಕ್ಷನಾದಾಗ ರಾಕ್ಷಸನು ವರ ಕೇಳದಂತೆ ದೇವಿಯು ಅವನ ಮಾತನ್ನು ಕಿತ್ತುಕೊಂಡಳು; ಅವನು ಮೂಕಾಸುರನಾದನು; ಅವನನ್ನು ಕೊಂದ ದೇವಿ ಮೂಕಾಂಬಿಕೆಯಾದಳು ಎಂಬುದು ಸ್ಥಳಪುರಾಣ. ಇಲ್ಲಿ ಮೂಕತನವೆಂದರೆ ಶಿಕ್ಷೆ. ಕೇಳಲು ಬಾಯಿಲ್ಲದವನಿಗೆ ದೇವರೂ ವರ ಕೊಡಲಾರ. ಎರಡನೆಯ ಹಾದಿ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಕಾದಂಬರಿಯದು. ೧೯೬೮ರಲ್ಲಿ ಪ್ರಕಟವಾಗಿ, ೧೯೭೭ರ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಈ ಕೃತಿಯ ಅಜ್ಜಿಯ ಹೆಸರೂ ಮೂಕಾಂಬಿಕೆಯೇ. ಎಳೆತನದಲ್ಲಿಯೇ ವಿಧವೆಯಾದ ಆಕೆ ಒಂದು ವಸ್ತುವನ್ನು ಮುಟ್ಟಿದರೆ ಅದರ ಹಿಂದಣ ಕಾಲವೆಲ್ಲ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಮೌನವೆಂದರೆ ದರ್ಶನದ ಗಣಿ. ಆದರೆ ಕನ್ನಡ ಸಾಹಿತ್ಯದಲ್ಲಿ ಎಲ್ಲರಿಗಿಂತ ಹೆಸರಾದ ಈ 'ಮೂಕ' ಪಾತ್ರ, ಮೊಮ್ಮಗ ಸುಬ್ಬರಾಯ ಕೇಳುತ್ತ ಕುಳಿತಂತೆಲ್ಲ, ಮಾತು ಬಲ್ಲವರನ್ನು ಮೀರಿಸುವಂತೆ ಮಾತಾಡುತ್ತದೆ ಎಂಬುದನ್ನು ಮರೆಯಬಾರದು.

ಶಪಿತ ಅಥವಾ ದಾರ್ಶನಿಕ, ಇವೆರಡರ ನಡುವೆ ಮೂರನೆಯ ಜಾಗವನ್ನು ನಾವು ಬಿಟ್ಟಿಲ್ಲ. ಮಾತಿಲ್ಲದೆ, ಆದರೆ ಅಕ್ಕಪಕ್ಕದವರಂತೆ ಸಾಧಾರಣನಾಗಿ, ಹಸಿವು, ಸಿಟ್ಟು, ಚೇಷ್ಟೆ, ಬೇಸರಗಳಿರುವ ಒಬ್ಬ ಹುಡುಗನಿಗೆ ನಮ್ಮ ಕಥೆಗಳಲ್ಲಿ ಮಣೆ ಹಾಕಿದವರು ವಿರಳ.

ಉಪಮೆ ರೂಪಕಗಳು ಪುಸ್ತಕದೊಳಗೇ ಉಳಿಯುತ್ತವೆ, ಅವುಗಳಿಂದ ಯಾರಿಗೂ ಕೇಡಿಲ್ಲ ಎಂದು ತಿಳಿಯುವವರಿದ್ದಾರೆ. ಆಟಿಸಮ್ಮಿನ ಚರಿತ್ರೆ ಬೇರೆ ಪಾಠ ಹೇಳುತ್ತದೆ. ೧೯೬೭ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬಾತ ಈ ಮಕ್ಕಳ ಮನಸ್ಸನ್ನು 'ಬರಿದಾದ ಕೋಟೆ'ಗೆ ಹೋಲಿಸಿ, ಅದನ್ನೇ ಹೆಸರಾಗಿಟ್ಟು ಒಂದು ದೊಡ್ಡ ಗ್ರಂಥ ಬರೆದನು. ಕೋಟೆ ಎಂದಮೇಲೆ ಮುತ್ತಿಗೆ ಹಾಕಿದ ಶತ್ರು ಬೇಕಲ್ಲ? ಆ ಶತ್ರುವಿನ ಸ್ಥಾನದಲ್ಲಿ ಹೆತ್ತ ತಾಯಿ ನಿಂತಳು. ತಾಯಿಯ ಮನಸ್ಸು ತಣ್ಣಗಿದ್ದುದರಿಂದಲೇ ಮಗು ಹೀಗಾಯಿತೆಂದು ಒಂದು ತಲೆಮಾರಿನ ತಾಯಂದಿರು ತಲೆ ತಗ್ಗಿಸಿ ಬದುಕಬೇಕಾಯಿತು. ಅದಕ್ಕೆ ಮೂರು ವರ್ಷ ಮೊದಲೇ, ೧೯೬೪ರಲ್ಲಿ, ಸ್ವತಃ ಇಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಹುಟ್ಟಿನಿಂದ ಬಂದ ನರವ್ಯವಸ್ಥೆಯ ವಿಷಯವೆಂದು ವಾದಿಸಿ ಬರೆದಿದ್ದರು. ಇಂದು ವಿಜ್ಞಾನ ನಿಂತಿರುವುದು ಅವರ ಪಕ್ಷದಲ್ಲಿ. ಒಂದು ಕೆಟ್ಟ ರೂಪಕ ಎಷ್ಟು ಮನೆಗಳ ನಿದ್ದೆಗೆಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ರೂಪಕಗಳ ಲೆಕ್ಕ ಕೇಳುವುದು ವಿಮರ್ಶೆಯ ಕೆಲಸವಾದ್ದರಿಂದ, ಈ ವಿಷಯ ವೈದ್ಯರಿಗೆ ಮಾತ್ರ ಸೇರಿದ್ದೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಈಗ ಪುಸ್ತಕಗಳಿಗೆ ಬರೋಣ. ಕೋಟೆ ಬರಿದಾಗಿರಲಿಲ್ಲ ಎಂದು ಒಳಗಿನಿಂದಲೇ ಬರೆದು ತಿಳಿಸಿದವರಲ್ಲಿ ಒಬ್ಬನು ನಮ್ಮ ನಾಡಿನ ನೀರು ಕುಡಿದು ಬೆಳೆದವನು. ಟಿಟೊ ರಾಜರ್ಷಿ ಮುಖೋಪಾಧ್ಯಾಯ ಬಂಗಾಳಿ ಮನೆತನದವನಾದರೂ ಅವನ ಬಾಲ್ಯ ಕಳೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಮೆಟ್ಟಿಲನ್ನು ಆ ತಾಯಿಮಗ ಏರಿದ್ದರು; ಬೆಂಗಳೂರಿನಲ್ಲಿ ವಾಕ್‌ತಜ್ಞೆ ಪ್ರತಿಭಾ ಕಾರಂತರ ಆಸರೆ ದೊರೆತಿತ್ತು. ತಾಯಿ ಸೋಮಾ ಮುಖೋಪಾಧ್ಯಾಯ ಪಟ್ಟುಹಿಡಿದ ಹೆಂಗಸು. ಮಗನಿಗೆ ಮಾತು ಬಾರದಿದ್ದರೇನು ಎಂದು ಅವನ ಮುಂದೆ ಕಥೆ ಕವಿತೆಗಳನ್ನು ಓದಿದಳು. ಅಂಕಿ ಅಕ್ಷರಗಳನ್ನು ಬರೆದ ಹಲಗೆಯನ್ನು ಮುಂದಿಟ್ಟು ಬೆರಳಿನಿಂದ ತೋರಿಸುವುದನ್ನು ಕಲಿಸಿದಳು. ಪೆನ್ಸಿಲು ಜಾರಿದರೆ ರಬ್ಬರ್ ಬ್ಯಾಂಡಿನಿಂದ ಕೈಗೆ ಕಟ್ಟಿದಳು. ಎಂಟರಿಂದ ಹನ್ನೊಂದರ ವಯಸ್ಸಿನಲ್ಲಿ ಆ ಹುಡುಗ ಬರೆದದ್ದು ೨೦೦೦ದಲ್ಲಿ ಇಂಗ್ಲೆಂಡಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿಯಿಂದ 'ಬಿಯಾಂಡ್ ದಿ ಸೈಲೆನ್ಸ್' ಎಂಬ ಹೆಸರಿನಲ್ಲಿ ಹೊರಬಂತು. ಆಟಿಸಂ ಕುರಿತ ಅಧ್ಯಯನದಲ್ಲಿ ಹಿರಿಯ ಹೆಸರಾದ ಲೋರ್ನಾ ವಿಂಗ್ ಅದಕ್ಕೆ ಮುನ್ನುಡಿ ಬರೆದರು. ೨೦೦೩ರಲ್ಲಿ ಅದೇ ಬರಹ 'ದಿ ಮೈಂಡ್ ಟ್ರೀ' ಎಂದು ಅಮೇರಿಕೆಯಲ್ಲಿ ಅಚ್ಚಾಯಿತು. ಅಷ್ಟರೊಳಗೆ, ೨೦೦೧ರಲ್ಲಿಯೇ, ತಾಯಿಮಗ ಆ ದೇಶಕ್ಕೆ ಹೋಗಿ ನೆಲೆಸಿದ್ದರು. 'ಹೌ ಕ್ಯಾನ್ ಐ ಟಾಕ್ ಇಫ್ ಮೈ ಲಿಪ್ಸ್ ಡೋಂಟ್ ಮೂವ್' ಎಂಬ ಆತ್ಮವೃತ್ತಾಂತ ೨೦೦೮ರದು.

ಈ ಪುಸ್ತಕಗಳನ್ನು ಕನಿಕರದಿಂದ ಓದುವುದು ಸುಲಭ; ಆದರೆ ಕನಿಕರದ ಓದು ಲೇಖಕನಿಗೆ ಮಾಡುವ ಅವಮಾನ. ಬರಹವನ್ನು ಬರಹವಾಗಿಯೇ ನೋಡೋಣ. ಮೊದಲ ಕೃತಿಯಲ್ಲಿ ಎದ್ದುಕಾಣುವ ಗುಣವೆಂದರೆ ಹುಡುಗ ತನ್ನನ್ನು 'ನಾನು' ಎನ್ನುವುದಕ್ಕಿಂತ 'ಆ ಹುಡುಗ' ಎಂದು ದೂರ ನಿಂತು ನೋಡುವ ರೀತಿ. ಇದು ಬರಿಯ ಶೈಲಿಯ ಚಮತ್ಕಾರವಲ್ಲ. ತನ್ನಲ್ಲಿ ಆಲೋಚಿಸುವ ಒಬ್ಬ, ವರ್ತಿಸುವ ಒಬ್ಬ, ಹೀಗೆ ಇಬ್ಬರಿದ್ದಾರೆ, ಒಬ್ಬನ ಅಪ್ಪಣೆ ಇನ್ನೊಬ್ಬನಿಗೆ ತಲುಪುವುದಿಲ್ಲ ಎಂದು ಅವನು ವಿವರಿಸುತ್ತಾನೆ. ಕೈ ಬಡಿಯುವುದು, ಗಿರಗಿರನೆ ಸುತ್ತುವುದು ಹುಚ್ಚಾಟವಲ್ಲ. ಚೂರುಚೂರಾಗಿ ತೋರುವ ಮೈಯನ್ನು ಒಟ್ಟುಗೂಡಿಸಿಕೊಳ್ಳುವ ಪ್ರಯತ್ನ ಎನ್ನುತ್ತಾನೆ. ೨೦೦೮ರ ಕೃತಿಯಲ್ಲಿ ಕನ್ನಡಿ ಬರುತ್ತದೆ, ನೆರಳು ಬರುತ್ತದೆ. ಕನ್ನಡಿಯೊಳಗೆ ಕಥೆಗಳಿವೆ ಎಂದು ಅದರ ಮುಂದೆ ನಿಲ್ಲುವ ಮಗು ಬರುತ್ತದೆ. ಮನೆಯವರಿಗೆ ಚಿಂತೆ ತಂದಿರಬಹುದಾದ ನಿಲುವೊಂದು ಒಳಗಿನಿಂದ ನೋಡಿದಾಗ ಕುತೂಹಲದ ನಿಲುವಾಗಿ ಮಾರ್ಪಡುತ್ತದೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಮನಸ್ಸಿರುವ ಮರದ ಕಥೆ. ಮರಕ್ಕೆ ಯಾರೋ ಮನಸ್ಸನ್ನು ದಾನ ಕೊಟ್ಟಿದ್ದಾರೆ. ಕಣ್ಣು ಕೊಟ್ಟಿಲ್ಲ, ಬಾಯಿ ಕೊಟ್ಟಿಲ್ಲ. ಅದು ನಿಂತಲ್ಲಿಯೇ ನಿಂತು ಸುತ್ತಲಿನ ಲೋಕವನ್ನು ಊಹಿಸಿಕೊಳ್ಳಬೇಕು. ಈ ಕಥೆಯ ಬೆಲೆ ತಿಳಿಯಬೇಕಾದರೆ ಅದರ ಹಿಂದಿನ ಒಂದು ವಾದವನ್ನು ನೆನೆಯಬೇಕು. ೧೯೮೫ರಲ್ಲಿ ಲಂಡನ್ನಿನ ಸೈಮನ್ ಬ್ಯಾರನ್-ಕೊಹೆನ್, ಅಲನ್ ಲೆಸ್ಲಿ, ಊಟ ಫ್ರಿತ್ ಎಂಬ ಮೂವರು ಆಟಿಸಂ ಇರುವ ೨೦ ಮಕ್ಕಳ ಮುಂದೆ ಎರಡು ಗೊಂಬೆಗಳ ಆಟವಾಡಿಸಿದರು. ಒಂದು ಗೊಂಬೆ ಬಚ್ಚಿಟ್ಟ ಗೋಲಿಯನ್ನು ಅದು ಇಲ್ಲದಾಗ ಇನ್ನೊಂದು ಜಾಗ ಬದಲಿಸುತ್ತದೆ. ಮೊದಲನೆಯದು ಬಂದು ಎಲ್ಲಿ ಹುಡುಕೀತು ಎಂಬುದು ಪ್ರಶ್ನೆ. ೧೬ ಮಕ್ಕಳು ತಪ್ಪು ಉತ್ತರ ಕೊಟ್ಟರು. ಇದರಿಂದ, ಪರರಿಗೂ ಒಂದು ಮನಸ್ಸಿದೆ ಎಂಬ ಊಹೆಯೇ ಇವರಿಗೆ ಕಷ್ಟವೆಂಬ ಸಿದ್ಧಾಂತ ಬೆಳೆಯಿತು. ಕಥೆ ಕಾದಂಬರಿ ಇವರಿಗೆ ಒಗ್ಗದೆಂಬ ಭಾವನೆಯೂ ಅದರ ನೆರಳಿನಲ್ಲಿ ಹಬ್ಬಿತು. ಇತ್ತ, ಮಾತೂ ಬಾರದ ಒಬ್ಬ ಹುಡುಗ ಮರಕ್ಕೆ ಮನಸ್ಸು ಕೊಟ್ಟು ಕಥೆ ಕಟ್ಟಿದ! ಒಂದು ಕಥೆಯಿಂದ ಒಂದು ಪ್ರಯೋಗ ಸುಳ್ಳಾಗುವುದಿಲ್ಲ, ನಿಜ. ಆದರೆ ಪ್ರಯೋಗದಿಂದ ತೆಗೆದ ತೀರ್ಮಾನ ಎಷ್ಟು ಅಗಲಕ್ಕೆ ಹಬ್ಬಬಹುದು ಎಂಬುದಕ್ಕೆ ಅದು ಎಲ್ಲೆಗಲ್ಲು ನೆಡುತ್ತದೆ.

ದೋಷಗಳನ್ನೂ ಹೇಳಬೇಕು. ಟಿಟೊನ ಪದ್ಯ ಅವನ ಗದ್ಯದ ಎತ್ತರಕ್ಕೆ ಏರುವುದಿಲ್ಲ. ತಾಯಿ ಓದಿ ಕೇಳಿಸಿದ ಹಳೆಯ ಇಂಗ್ಲೀಷ್ ಕವಿತೆಯ ಗತ್ತು, ಪ್ರಾಸದ ಹಂಬಲ ಎಷ್ಟೋ ಕಡೆ ಅನುಭವವನ್ನು ಪಕ್ಕಕ್ಕೆ ತಳ್ಳಿ ತಾವೇ ಮುಂದೆ ನಿಲ್ಲುತ್ತವೆ. ಅದೇ ಹುಡುಗ ಗದ್ಯದಲ್ಲಿ ಒಂದು ನೆರಳನ್ನೋ ಒಂದು ಶಬ್ದವನ್ನೋ ಬೆನ್ನಟ್ಟಿದಾಗ ಬರಹ ಅವನದೇ ಆಗುತ್ತದೆ. ಬೇರೆ ಯಾವ ತರುಣ ಲೇಖಕನಿಗಾದರೂ ಹೇಳುವ ಮಾತನ್ನೇ ಇವನಿಗೂ ಹೇಳುತ್ತಿದ್ದೇನೆ.

'ಬರಹ ಅವನದೇ' ಎಂದೆ. ತೊಡಕಿರುವುದು ಇಲ್ಲಿಯೇ. ಅದು ಅವನದೇ ಎಂದು ತಿಳಿಯುವುದು ಹೇಗೆ?

ವಿಜಯದಶಮಿಯ ದಿನ ಕೊಲ್ಲೂರಿನಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವುದನ್ನು ಓದುಗರು ಕಂಡಿರಬಹುದು. ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಹಿರಿಯರು ಅಕ್ಷರ ತಿದ್ದಿಸುತ್ತಾರೆ. ಬೆರಳು ಮಗುವಿನದು, ಅಕ್ಷರ ಹಿರಿಯರದು. ಆ ದಿನದ ಅಕ್ಷರವನ್ನು ಮಗುವಿನ ಕೃತಿಯೆಂದು ಯಾರೂ ಹೇಳುವುದಿಲ್ಲ. ಆಸ್ಟ್ರೇಲಿಯಾದ ರೋಸ್‌ಮೇರಿ ಕ್ರಾಸ್ಲಿ ರೂಪಿಸಿ, ೧೯೯೦ರ ಸುಮಾರಿಗೆ ಡಗ್ಲಸ್ ಬಿಕ್ಲೆನ್ ಅಮೇರಿಕೆಗೆ ತಂದ ಒಂದು ಪದ್ಧತಿ ಈ ವಿವೇಕವನ್ನು ಮರೆಯಿತು. ಮಾತು ಬಾರದವರ ಕೈಯನ್ನು ಸಹಾಯಕರು ಹಿಡಿದುಕೊಂಡರೆ ಅವರು ಅಕ್ಷರಗಳನ್ನು ಒತ್ತಿ ವಾಕ್ಯ ರಚಿಸುತ್ತಾರೆಂದು ಅದು ಸಾರಿತು. ಸಾವಿರಾರು ಮನೆಗಳಲ್ಲಿ ಆನಂದಬಾಷ್ಪ ಹರಿಯಿತು. ಆಮೇಲೆ ಪರೀಕ್ಷೆ ನಡೆಯಿತು. ಸಹಾಯಕರಿಗೆ ಒಂದು ಚಿತ್ರ, ಕೈ ಹಿಡಿಸಿಕೊಂಡವರಿಗೆ ಇನ್ನೊಂದು ಚಿತ್ರ ತೋರಿಸಿ ಕೇಳಿದರೆ, ಅಕ್ಷರದಲ್ಲಿ ಮೂಡಿದ್ದು ಸಹಾಯಕರು ಕಂಡ ಚಿತ್ರದ ಹೆಸರು. ಸಹಾಯಕರು ಮೋಸಗಾರರಲ್ಲ, ತಮ್ಮ ಕೈಯೇ ನಡೆಸುತ್ತಿದೆ ಎಂಬ ಅರಿವು ಅವರಿಗಿರಲಿಲ್ಲ. ಅಷ್ಟರಲ್ಲಿ, ಆ ಪದ್ಧತಿಯಿಂದ ಮೂಡಿದ ವಾಕ್ಯಗಳ ಮೇಲೆ ಎಷ್ಟೋ ತಂದೆತಾಯಿಯರು ಮಾಡದ ಅಪರಾಧದ ಆರೋಪವನ್ನೂ ಹೊರಬೇಕಾಯಿತು.

ಸೋಮಾ ಅವರು ಮಗನಿಗಾಗಿ ಕಂಡುಕೊಂಡು, ಮುಂದೆ ಅಮೇರಿಕೆಯಲ್ಲಿ ಇತರ ಮಕ್ಕಳಿಗೂ ಕಲಿಸಿದ ಪದ್ಧತಿ ಇದಲ್ಲ. ಅದರಲ್ಲಿ ಕಲಿಸುವವರು ಮಗುವಿನ ಕೈ ಹಿಡಿಯುವುದಿಲ್ಲ. ಆದರೆ ಅಕ್ಷರದ ಹಲಗೆಯನ್ನು ತಾವು ಹಿಡಿದಿರುತ್ತಾರೆ, ಮೇಲಿಂದ ಮೇಲೆ ಪ್ರಚೋದಿಸುತ್ತಾರೆ. ಹಲಗೆ ಅಲುಗಿದರೂ ಅರ್ಥ ಅಲುಗಬಹುದು. ಅಮೇರಿಕೆಯ ವಾಕ್ ಭಾಷಾ ಶ್ರವಣ ಸಂಘವು ೨೦೧೮ರಲ್ಲಿ ಈ ಎರಡು ಪದ್ಧತಿಗಳನ್ನೂ ಬಳಸಬಾರದೆಂದು ತಿಳಿಸಿತು. ಸೋಮಾ ಅವರ ಪದ್ಧತಿಯಲ್ಲಿ ಮೂಡುವ ಮಾತು ಮಗುವಿನದೇ ಎಂಬುದಕ್ಕೆ ಶಾಸ್ತ್ರೀಯ ಆಧಾರ ಸಾಲದೆಂಬುದು ಅದರ ಕಾರಣ. ಈ ಎಚ್ಚರಿಕೆಯನ್ನು ನಿರ್ದಯವೆಂದು ತಳ್ಳಿಹಾಕುವುದು ತಪ್ಪು. ಮೌನವಾಗಿರುವವನ ಬಾಯಿಗೆ ನಮ್ಮ ಮಾತನ್ನು ತುರುಕುವುದು ಅವನನ್ನು ಎರಡನೆಯ ಸಲ ಮೂಕನನ್ನಾಗಿ ಮಾಡಿದಂತೆ. ಏಕೆಂದರೆ ಆಮೇಲೆ ಅವನ ಮೌನವನ್ನು ಕೇಳುವವರೂ ಇರುವುದಿಲ್ಲ.

ಹಾಗಾದರೆ ಟಿಟೊನ ಗತಿಯೇನು? ಅವನ ವಿಷಯ ಬೇರೆಯಾಗಿ ನಿಲ್ಲುವುದು ಒಂದು ಕಾರಣಕ್ಕೆ: ಅವನು ತನ್ನ ಕೈಯಲ್ಲಿಯೇ ಪೆನ್ಸಿಲು ಹಿಡಿದು ಬರೆಯುವುದನ್ನು ಹೊರಗಿನವರು ಕಂಡಿದ್ದಾರೆ. ತಾಯಿ ಪಕ್ಕದಲ್ಲಿದ್ದು ಎಚ್ಚರಿಸುತ್ತಿರಬೇಕಾಗಿತ್ತು ಎಂಬುದೂ ಅಷ್ಟೇ ನಿಜ. ಅವನ ಸಾಮರ್ಥ್ಯ ಪದ್ಧತಿಗೆ ಸಾಕ್ಷಿಯಾಗುವುದಿಲ್ಲ. ಪದ್ಧತಿಯ ಮೇಲಿನ ಸಂಶಯ ಅವನ ಪುಸ್ತಕವನ್ನು ಅಳಿಸಿಹಾಕುವುದೂ ಇಲ್ಲ. ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು. ಗ್ರಂಥಕರ್ತೃ ಯಾರೆಂಬ ಪ್ರಶ್ನೆ ಕನ್ನಡ ಅಧ್ಯಾಪಕರಿಗೆ ಹೊಸತೇನಲ್ಲ. 'ಕವಿರಾಜಮಾರ್ಗ'ವನ್ನು ಬರೆದವರು ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ಹಿರಿಯರು ವಾದಿಸಿದ್ದು ಸಣ್ಣ ಕಾಲವಲ್ಲ. ಅಲ್ಲಿ ನಾವು ಒಳಗಿನ ಆಧಾರ, ಹೊರಗಿನ ಆಧಾರ ಎಂದು ಎರಡನ್ನೂ ಕೇಳುತ್ತೇವೆ. ಇಲ್ಲಿಯೂ ಕೇಳಬೇಕು.

ಒಳಗಿನ ಆಧಾರವೆಂದರೆ ಯಾವುದು? ನನ್ನ ಮಟ್ಟಿಗೆ ಅದು ಅನಿರೀಕ್ಷಿತತೆ. ಮಗನ ಹೆಸರಿನಲ್ಲಿ ತಾಯಿಯೊಬ್ಬಳು ಬರೆಯುವುದಾದರೆ ಏನು ಬರೆದಾಳು? 'ಅಮ್ಮಾ, ನಿನ್ನ ಕಷ್ಟವೆಲ್ಲ ನನಗೆ ಗೊತ್ತು' ಎಂದು ಬರೆದಾಳು. ಕೇಳಲು ನಾವೆಲ್ಲ ಹಂಬಲಿಸುವ ಮಾತು ಅದು. ಗೋಡೆಯ ಮೇಲೆ ಹರಿಯುವ ನೆರಳಿನ ವಿಷಯವಾಗಿ ಪುಟ ತುಂಬಿಸುವುದು ಯಾರ ಹಂಬಲವೂ ಆಗಿರಲಾರದು. ಅದು ನೆರಳಿಗೆ ಮನಸೋತವನದೇ ಇರಬೇಕು. ಒಳಗಿನ ಆಧಾರ ಒಂದೇ ಸಾಲದು. ಆದರೆ ಹೊರಗಿನ ಆಧಾರದ ಜೊತೆಗೆ ಸೇರಿದಾಗ ಅದಕ್ಕೆ ಬಲವುಂಟು.

ಸ್ನೇಹದ ಒರೆಗಲ್ಲೂ ಇದೇ ಅಲ್ಲವೆ? ನಾನು ನಿರೀಕ್ಷಿಸಿದ್ದನ್ನೇ ಸದಾ ಹೇಳುವವನು ನನ್ನ ಪ್ರತಿಧ್ವನಿ. ನಿರೀಕ್ಷಿಸದ್ದನ್ನು ಹೇಳಬಲ್ಲವನು, ನನ್ನ ಮಾತಿಗೆ ಒಲ್ಲೆನೆನ್ನಬಲ್ಲವನು ನನ್ನ ಗೆಳೆಯ. ಮಾತಿಲ್ಲದವನ ಹತ್ತಿರ ಕುಳಿತು ಅವನ ಪರವಾಗಿ ಎಲ್ಲವನ್ನೂ ನಾವೇ ನುಡಿದುಬಿಡುವುದು ಎಷ್ಟೇ ಪ್ರೀತಿಯದಾದರೂ, ಅಲ್ಲಿ ಇಬ್ಬರಿರುವುದಿಲ್ಲ.

ಇಬ್ಬರಿರುವ ಸ್ನೇಹಕ್ಕೆ ಉದಾಹರಣೆಯೂ ಟಿಟೊನ ಬದುಕಿನಲ್ಲಿಯೇ ಉಂಟು. ಅಯೋವಾದ ಗ್ರಿನೆಲ್ ಕಾಲೇಜಿನ ಇಂಗ್ಲೀಷ್ ಅಧ್ಯಾಪಕ, ಕವಿ, ರಾಲ್ಫ್ ಸವರೀಸ್ ೨೦೧೮ರಲ್ಲಿ 'ಸೀ ಇಟ್ ಫೀಲಿಂಗ್ಲಿ' ಎಂಬ ಪುಸ್ತಕ ಬರೆದರು. ಆಟಿಸಂ ಇರುವ ಕೆಲವರೊಡನೆ ಕಾದಂಬರಿ, ಕಥೆಗಳನ್ನು ಓದಿದ ವೃತ್ತಾಂತ ಅದು. ಅವರಲ್ಲಿ ಟಿಟೊನೂ ಒಬ್ಬ. ಟೆಕ್ಸಾಸಿನಲ್ಲಿ ಅವನು, ದೂರದ ಊರಿನಲ್ಲಿ ಇವರು. ನಡುವೆ ಗಣಕಯಂತ್ರದ ಪರದೆ. ಓದಿದ್ದು ಹರ್ಮನ್ ಮೆಲ್ವಿಲ್ಲನ 'ಮೊಬಿ ಡಿಕ್'. ೧೩೫ ಅಧ್ಯಾಯಗಳ, ೧೮೫೧ರ, ಎಂ.ಎ. ವಿದ್ಯಾರ್ಥಿಗಳೂ ನಡುವೆ ಕೈಬಿಡುವಂಥ ತಿಮಿಂಗಿಲದ ಕಥೆ. ವಾರವಾರವೂ ಕೆಲವು ಅಧ್ಯಾಯಗಳಂತೆ ಒಂದು ವರ್ಷಕ್ಕೂ ಮಿಕ್ಕಿ ಈ ಓದು ನಡೆಯಿತು. ಪುಸ್ತಕದ ಉಪಶೀರ್ಷಿಕೆಯಲ್ಲಿ ಸವರೀಸ್ ತಮ್ಮನ್ನು ಕೆಲಸಕ್ಕೆ ಬಾರದ ಇಂಗ್ಲೀಷ್ ಮೇಷ್ಟರೆಂದು ಕರೆದುಕೊಂಡು, ಪಾಠವಾದದ್ದು ತಮಗೇ ಎಂದು ಸೂಚಿಸುತ್ತಾರೆ. ಈ ವಿನಯ ಸೊಗಸಾಗಿದೆ. ಆದರೆ ಪುಸ್ತಕ ಮುಂದುವರಿದಂತೆ ಆಟಿಸಂ ಇರುವವರೇ ಸಾಹಿತ್ಯದ ಉತ್ತಮ ಓದುಗರು ಎಂಬ ಧಾಟಿ ಅಲ್ಲಲ್ಲಿ ಇಣಕುತ್ತದೆ. ಶಪಿತನನ್ನು ಬಿಡಿಸಲು ಹೋಗಿ ಮತ್ತೆ ದಾರ್ಶನಿಕನ ಪೀಠಕ್ಕೆ ಏರಿಸುವ ಹಳೆಯ ಚಾಳಿ ಇದು. ಇಬ್ಬರು ಓದುಗರು ಒಂದು ದೊಡ್ಡ ಪುಸ್ತಕವನ್ನು ಜೊತೆಯಾಗಿ ಮುಗಿಸಿದರು ಎಂಬುದೇ ಸಾಕಷ್ಟು ದೊಡ್ಡ ಸಂಗತಿ. ಯಾವ ಸ್ನೇಹಕ್ಕಾದರೂ ಅದಕ್ಕಿಂತ ಹೆಚ್ಚಿನ ಸಮರ್ಥನೆ ಏಕೆ ಬೇಕು?

ಇನ್ನೊಂದು ಕೃತಿಯನ್ನು ಇಲ್ಲಿ ನೆನೆಯಬೇಕು. ಮೆಲ್ ಬ್ಯಾಗ್ಸ್ ಎಂಬ, ೨೦೨೦ರಲ್ಲಿ ತೀರಿಕೊಂಡ, ಮಾತಾಡದ ಅಮೇರಿಕನ್ ಲೇಖಕರು ೨೦೦೭ರಲ್ಲಿ 'ಇನ್ ಮೈ ಲ್ಯಾಂಗ್ವೇಜ್' ಎಂಬ ಪುಟ್ಟ ಚಿತ್ರವನ್ನು ಮಾಡಿದರು. ಅದರ ಮೊದಲ ಭಾಗದಲ್ಲಿ ಅವರು ಗುಂಯ್‌ಗುಡುತ್ತ ಕೈ ಆಡಿಸುತ್ತಾರೆ. ನಲ್ಲಿಯಿಂದ ಬೀಳುವ ನೀರಿನಲ್ಲ‍ಿ ಬೆರಳಾಡಿಸುತ್ತಾರೆ. ಎರಡನೆಯ ಭಾಗದಲ್ಲಿ ಯಂತ್ರದ ಧ್ವನಿಯಿಂದ ಅದನ್ನು ವಿವರಿಸುತ್ತಾರೆ: ನೀರು ಇಲ್ಲಿ ಯಾವುದರ ಸಂಕೇತವೂ ಅಲ್ಲ, ಸುತ್ತಲಿನ ಲೋಕದೊಡನೆ ಒಡನಾಡುವ ನನ್ನ ಬಗೆ ಇದು ಎಂಬುದು ಅವರ ವಿವರಣೆಯ ಸಾರ. ಆನಂದವರ್ಧನನನ್ನು ಓದಿದ ನಮಗೆ ಎಲ್ಲೆಲ್ಲಿಯೂ ವ್ಯಂಗ್ಯಾರ್ಥ ಹುಡುಕುವ ಅಭ್ಯಾಸ. ವಾಚ್ಯವೇ ಇಲ್ಲದಲ್ಲಿಯೂ ಧ್ವನಿಯನ್ನು ಹೊರಡಿಸಿಬಿಡುತ್ತೇವೆ. ಮಗು ನೀರಿನಲ್ಲಿ ಕೈಯಾಡಿಸಿದರೆ ಅದು ಏನನ್ನು 'ಹೇಳುತ್ತಿದೆ' ಎಂದು ಕೇಳುವ ಮೊದಲು, ನಾವೂ ಪಕ್ಕದಲ್ಲಿ ಕುಳಿತು ಒಂದು ಗಳಿಗೆ ನೀರಿಗೆ ಕೈಯೊಡ್ಡಬಹುದು.

ಇಷ್ಟು ದೂರ ಸುತ್ತಿ ಈಗ ನಮ್ಮ ಊರಿಗೆ ಬರೋಣ. ಮಾತು ಬಾರದ ಎಲ್ಲರೂ ಪುಸ್ತಕ ಬರೆಯುವುದಿಲ್ಲ. ಮಾತು ಬರುವ ನಾವೆಲ್ಲ ಎಷ್ಟು ಬರೆದಿದ್ದೇವೆ? ಟಿಟೊನನ್ನು ಅಳತೆಗೋಲು ಮಾಡಿ ಬೇರೆ ಮಕ್ಕಳನ್ನು ಅಳೆಯುವುದು ಅನ್ಯಾಯ. ಹೆಚ್ಚಿನವರಿಗೆ ಬೇಕಾದದ್ದು ಒಂದು ಹಲಗೆ ಅಥವಾ ಫೋನಿನ ಪರದೆ. ಅದರಲ್ಲಿ ಅನ್ನ, ನೀರು, ಅಮ್ಮ, ನೋವು, ಹೊರಗೆ, ಸಾಕು ಎಂಬಂಥ ಕೆಲವು ಚಿತ್ರಗಳು. ಯಾರೂ ಕೈ ಹಿಡಿಯದೆ ಮಗು ತಾನೇ ಬೆರಳಿಡುವ ಅಭ್ಯಾಸ. ಚಿತ್ರ ಕೊಟ್ಟರೆ ಮಗು ಮಾತಿನ ಗೋಜಿಗೇ ಹೋಗದೆಂದು ಮನೆಯವರು ಅಂಜುತ್ತಾರೆ. ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ ೨೦೦೬ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಇಂಥ ಸಾಧನಗಳಿಂದ ಮಾತು ಕುಗ್ಗಿದ ನಿದರ್ಶನ ಕಾಣಲಿಲ್ಲ. ಹೆಚ್ಚಿನವರಲ್ಲಿ ತುಸು ಬೆಳೆದದ್ದೇ ಕಂಡಿತು.

ಆದರೆ ಹಲಗೆಯ ಮೇಲಿನ ಚಿತ್ರ ಯಾವ ಊರಿನದು? ಕಟಪಾಡಿಯ ಪಡುವಣಕ್ಕೆ ಹೊಳೆಗೂ ಕಡಲಿಗೂ ನಡುವೆ ಇರುವ ಮಟ್ಟುವಿನ ಮಗುವಿನ ಮುಂದೆ ಪರದೇಶದಲ್ಲಿ ಬರೆದ ಬದನೆಯ ಚಿತ್ರವನ್ನಿಟ್ಟರೆ, ಅದು ಉದ್ದಕ್ಕೆ, ನೇರಳೆ ಬಣ್ಣಕ್ಕೆ ಇರುತ್ತದೆ. ಮಟ್ಟುವಿನ ಬದನೆಯೆಂದರೆ ಗುಳ್ಳ. ದುಂಡಗೆ, ತಿಳಿಹಸಿರು, ಮೈಮೇಲೆ ಬಿಳಿಯ ಗೀರು, ತೊಟ್ಟಿನಲ್ಲಿ ಮುಳ್ಳು. ವಾದಿರಾಜರು ಕೊಟ್ಟ ಬೀಜದಿಂದ ಬೆಳೆದದ್ದೆಂದು ಊರು ನಂಬುವ, ೨೦೧೧ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಪಡೆದ ಕಾಯಿ ಅದು. ಮನೆಯಲ್ಲಿ ದಿನಾ ಗುಳ್ಳದ ಹುಳಿ ಉಣ್ಣುವ ಮಗು ಆ ನೇರಳೆ ಚಿತ್ರದ ಮೇಲೆ ಬೆರಳಿಡದಿದ್ದರೆ ಅದು ದಡ್ಡತನವೆ? ಮಗುವಿಗೆ ತಿಳಿದಿದೆ, ತಿಳಿಯದಿರುವುದು ಚಿತ್ರ ಬರೆದವರಿಗೆ. ಭಾಷೆಯ ಮಾತೂ ಹೀಗೆಯೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಕೊಂಕಣಿ, ಫೋನಿನಲ್ಲಿ ಇಂಗ್ಲೀಷು. ಇಷ್ಟು ಭಾಷೆಗಳಿಂದಲೇ ಮಗು ಕಂಗೆಟ್ಟಿತೆಂದು ಹೆದರಿ ಎಷ್ಟೋ ಮನೆಗಳಲ್ಲಿ ತಾಯ್ನುಡಿಯನ್ನೇ ನಿಲ್ಲಿಸುತ್ತಾರೆ. ಈಚಿನ ಅಧ್ಯಯನಗಳಲ್ಲಿ ಈ ಹೆದರಿಕೆಗೆ ಆಧಾರ ಸಿಕ್ಕಿಲ್ಲ. ಅಜ್ಜಿಯ ತುಳುವನ್ನು ನಿಲ್ಲಿಸಿದರೆ ಮಗುವಿಗೆ ಮಾತು ಬರುವುದಿರಲಿ, ಅಜ್ಜಿಯೇ ದೂರವಾಗುತ್ತಾಳೆ.

ಯಕ್ಷಗಾನದಲ್ಲಿ ಪದ್ಯದ ಧಾಟಿಗೆ 'ಮಟ್ಟು' ಎನ್ನುತ್ತಾರೆ. ಅರ್ಥಧಾರಿ ಎಷ್ಟೇ ದೊಡ್ಡ ವಾಗ್ಮಿಯಾಗಿರಲಿ, ಭಾಗವತರು ಮಟ್ಟು ಹಿಡಿದು ಹಾಡಿ ಮುಗಿಸುವವರೆಗೆ ಬಾಯಿ ತೆರೆಯುವಂತಿಲ್ಲ. ಸ್ನೇಹಕ್ಕೂ ಅಷ್ಟೇ ತಾಳ್ಮೆ ಬೇಕು. ಒಂದು ಪ್ರಶ್ನೆ ಕೇಳಿ ಮರುಗಳಿಗೆಯಲ್ಲಿ ನಾವೇ ಉತ್ತರ ಹೇಳಿಬಿಟ್ಟರೆ, ಮೆಲ್ಲಗೆ ಹೊರಟ ಬೆರಳು ನಡುದಾರಿಯಲ್ಲಿ ನಿಂತುಬಿಡುತ್ತದೆ.

ಕೊನೆಯದಾಗಿ, ಹಲಗೆಯ ಮೇಲೆ ಮೊದಲು ಯಾವ ಪದ ಇರಬೇಕೆಂದು ನನ್ನನ್ನು ಕೇಳಿದರೆ, 'ಅಮ್ಮ' ಎಂದೋ 'ಬೇಕು' ಎಂದೋ ಹೇಳಲಾರೆ. 'ಬೇಡ' ಎಂಬುದಿರಲಿ. ತುಳುವಿನ ಮನೆಯಾದರೆ 'ಬೊಡ್ಚಿ', ಕೊಂಕಣಿಯ ಮನೆಯಾದರೆ 'ನಾಕ್ಕಾ'. ಯಾರೂ ಆ ಪದವನ್ನು ಅವನ ಪರವಾಗಿ ಒತ್ತುವ ಆಸೆಪಡುವುದಿಲ್ಲ. ಅದು ಬಂದರೆ ಅವನದೇ. ಆ ಪದದ ಮೇಲೆ ಬೆರಳು ಬಿದ್ದಾಗ ಬಡಿಸಹೊರಟ ತುತ್ತನ್ನು, ಹಾಕಹೊರಟ ಅಂಗಿಯನ್ನು, ಕರೆದೊಯ್ಯಹೊರಟ ಜಾತ್ರೆಯನ್ನು ನಾವು ಒಂದು ಸಲ ನಿಲ್ಲಿಸಿದರೆ, ತನ್ನ ಮಾತು ನಡೆಯಿತೆಂದು ಅವನಿಗೆ ತಿಳಿಯುತ್ತದೆ. ಆಮೇಲೆ ಅವನು ಇನ್ನೊಂದು ಪದಕ್ಕೆ ಬೆರಳು ನೀಡಿಯಾನು.